ಮಳೆಯಷ್ಟೇ ಬೇಸಿಗೆಯನ್ನೂ ಬೇಡುವ ಮರ

ಹೊಸ ಮನೆಗೆ ಮುಂಬಾಗಿಲು ಮಾಡಿಸಬೇಕಿತ್ತು. ಅಣ್ಣನ ಜೊತೆ ನಾನೂ ಹುಬ್ಬಳ್ಳಿಯ ಒಂದು ಮರದಂಗಡಿಗೆ ಹೋಗಿದ್ದೆ. ಎಷ್ಟು ಘನ ಅಡಿ ಬೇಕು ಅಂತ ವಿಚಾರಿಸುವ ಮೊದಲೇ ಅಂಗಡಿಯವರು ಕೇಳಿದ್ದು, ‘ಯಾವ ಸಾಗವಾನಿ ಕೊಡ್ಲ್ರಿ? ಕಾಡಿಂದೋ, ಪ್ಲಾಂಟೇಶನ್ನಿಂದೋ, ಫಾರಿನ್ನೋ?’ ಮೂರಕ್ಕೂ ಮೂರು ದರ. ಅಣ್ಣ ನನ್ನ ಮುಖ ನೋಡಿದ, ನಾನು ಜೊತೆಗೆ ಬಂದಿದ್ದ ಆಚಾರ್ರ ಮುಖ ನೋಡಿದೆ. ಅವರು ಮಾತಾಡಲಿಲ್ಲ. ಒಂದು ದಿಮ್ಮಿಯ ಕೊಯ್ದ ತುದಿಗೆ ಹೋಗಿ, ಹೆಬ್ಬೆರಳು ಒದ್ದೆ ಮಾಡಿಕೊಂಡು ಉಜ್ಜಿದರು. ಧೂಳು ಹೋಗಿ ಉಂಗುರಗಳು ಎದ್ದು ಕಂಡವು. ‘ಇದನ್ ತಗೋರಿ. ಭಾಳ ಬ್ಯಾಸಗಿ ಉಂಡೈತಿ ಈ ಕಟಗಿ.’

ಬೇಸಿಗೆ ಉಂಡ ಮರ! ಮಳೆ ಉಂಡ ಮರ ಎಂದಿದ್ದರೆ ಅರ್ಥವಾಗುತ್ತಿತ್ತು. ಆದರೆ ತೇಗದ ಮಟ್ಟಿಗೆ ಆಚಾರ್ರ ಮಾತೇ ಸರಿ. ಅಂಗಡಿಯವರು ಹೇಳಿದ ಮೂರೂ ಒಂದೇ ಜಾತಿಯ ಮರ. ದಾಂಡೇಲಿಯ ಕಾಡಿನಲ್ಲಿ ತಾನಾಗಿ ಬೆಳೆದದ್ದೂ, ಯಾರದೋ ಹೊಲದ ಬದುವಿನಲ್ಲಿ ನೆಟ್ಟದ್ದೂ, ಘಾನಾದಿಂದಲೋ ಈಕ್ವೆಡಾರಿನಿಂದಲೋ ಹಡಗಿನಲ್ಲಿ ಬಂದದ್ದೂ ಎಲ್ಲ ತೇಗವೇ. ಹಾಗಿದ್ದ ಮೇಲೆ ವ್ಯತ್ಯಾಸ ಎಲ್ಲಿದೆ? ಅದು ತಿಳಿಯಬೇಕಾದರೆ ಈ ಮರ ಎಂಥ ಜಾಗದಲ್ಲಿ ತಾನಾಗಿ ಹುಟ್ಟಿ ಬೆಳೆಯುತ್ತದೆ, ಎಂಥ ಜಾಗದಲ್ಲಿ ಹುಟ್ಟುವುದೇ ಇಲ್ಲ ಎಂದು ನೋಡಬೇಕು.

ಮೊದಲು ಹೆಸರು. ಕನ್ನಡದ ತೇಗ, ತಮಿಳು-ಮಲಯಾಳಂಗಳ ತೇಕ್ಕು, ತೆಲುಗಿನ ಟೇಕು ಎಲ್ಲ ಒಂದೇ ಬೇರಿನವು. ಮಲಬಾರಿಗೆ ಬಂದ ಪೋರ್ಚುಗೀಸರು ಅದನ್ನು ‘ತೇಕಾ’ ಎಂದರು, ಅಲ್ಲಿಂದ ಇಂಗ್ಲಿಷಿನ ‘ಟೀಕ್’ ಬಂತು. 1782ರಲ್ಲಿ ಲಿನೇಯಸನ ಮಗ ಇದಕ್ಕೆ ‘ಟೆಕ್ಟೋನಾ ಗ್ರಾಂಡಿಸ್’ ಎಂದು ವೈಜ್ಞಾನಿಕ ಹೆಸರಿಟ್ಟ. ನಾವು ಅಂಗಡಿಯಲ್ಲಿ ಟೀಕ್ ವುಡ್ ಎಂದು ಕೇಳುವಾಗ ನಮ್ಮದೇ ಪದವನ್ನು ಲಿಸ್ಬನ್ ಸುತ್ತಿಸಿ ತಂದು ಕೇಳುತ್ತಿದ್ದೇವೆ. ಉತ್ತರ ಕರ್ನಾಟಕದಲ್ಲಿ ನಾವು ಬಳಸುವ ‘ಸಾಗವಾನಿ’ ಮರಾಠಿಯ ಸಾಗವಾನದಿಂದ ಬಂದದ್ದು, ಅದರ ಹಿಂದೆ ಸಂಸ್ಕೃತದ ‘ಶಾಕ’ ಇದೆ.

ಕುಟುಂಬದ ವಿಷಯ ಇನ್ನೂ ಮೋಜಿನದು. ಮೂವತ್ತು ನಲವತ್ತು ಮೀಟರ್ ಎತ್ತರ ಹೋಗುವ ಈ ಮರ ತುಳಸಿಯ ಬಂಧು. ದೊಡ್ಡಪತ್ರೆ, ಪುದೀನ, ತೇಗ ಎಲ್ಲವೂ ಒಂದೇ ಕುಟುಂಬ. ನಂಬಿಕೆ ಬರದಿದ್ದರೆ ತೇಗದ ಎಳೆಯ ಕೊನೆಯೊಂದನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ. ದುಂಡಗಿರುವುದಿಲ್ಲ, ತುಳಸಿ ಕಡ್ಡಿಯ ಹಾಗೆ ನಾಲ್ಕು ಮೂಲೆ ಸಿಗುತ್ತದೆ. ಎಲೆಗಳೂ ತುಳಸಿಯಂತೆಯೇ ಎದುರುಬದುರಾಗಿ ಜೋಡಿ ಜೋಡಿ. ಅಳತೆ ಮಾತ್ರ ಬೇರೆ: ತೇಗದ ಒಂದು ಎಲೆಯಲ್ಲಿ ಒಬ್ಬರ ಊಟ ಬಡಿಸಬಹುದು. ಮಲೆನಾಡಿನ ಕಡೆ ಮಾಂಸದಂಗಡಿಗಳಲ್ಲಿ ಈಗಲೂ ಕೆಲವೆಡೆ ಇದರಲ್ಲೇ ಪೊಟ್ಟಣ ಕಟ್ಟಿಕೊಡುತ್ತಾರೆ. ಚಿಗುರೆಲೆಯನ್ನು ಅಂಗೈಯಲ್ಲಿ ಹಾಕಿ ತಿಕ್ಕಿದರೆ ರಕ್ತದಂಥ ಕೆಂಪು. ಶಾಲೆಯಿಂದ ಬರುವಾಗ ಅದನ್ನು ಕೈಗೆ ಬಳಿದುಕೊಂಡು, ‘ಅವ್ವಾ, ಬಿದ್ದೆ’ ಎಂದು ಚೀರಿ ಮನೆಯವರನ್ನು ಹೆದರಿಸದ ಮಕ್ಕಳು ನಮ್ಮೂರ ಕಡೆ ಇರಲಿಲ್ಲ.

ಧಾರವಾಡದಿಂದ ಕಾರವಾರದವರೆಗೆ ಒಂದು ಬಸ್ಸು

ತೇಗದ ನೆಲೆ ಎಂಥದು ಎಂದು ತಿಳಿಯಲು ಪುಸ್ತಕ ಬೇಡ. ಧಾರವಾಡದಲ್ಲಿ ಬಸ್ಸು ಹತ್ತಿ ಹಳಿಯಾಳ, ದಾಂಡೇಲಿ, ಜೋಯಿಡಾ, ಅಣಶಿ ಘಟ್ಟ, ಕದ್ರಾ ದಾಟಿ ಕಾರವಾರಕ್ಕೆ ಇಳಿದರೆ ಸಾಕು. ಕಿಟಕಿ ಪಕ್ಕದ ಸೀಟು ಸಿಗಬೇಕು, ತಿಂಗಳು ಫೆಬ್ರುವರಿಯಾಗಿರಬೇಕು.

ಧಾರವಾಡದಲ್ಲಿ ವರ್ಷದ ಮಳೆ 800 ಮಿ.ಮೀ. ಆಸುಪಾಸು. ಕಪ್ಪು ಮಣ್ಣಿನ ಹೊಲ, ಜಾಲಿ, ಬೇವು. ಪಶ್ಚಿಮಕ್ಕೆ ಸರಿದಂತೆ ಮಳೆ ಏರುತ್ತದೆ. ಹಳಿಯಾಳದ ಹತ್ತಿರ ಬರುವಾಗ ಸಾವಿರ ದಾಟಿರುತ್ತದೆ, ರಸ್ತೆಯ ಎರಡೂ ಬದಿ ತೇಗ ಶುರುವಾಗುತ್ತದೆ. ಫೆಬ್ರುವರಿಯಲ್ಲಿ ನೋಡಿದರೆ ಇಡೀ ಕಾಡು ಸತ್ತಂತಿರುತ್ತದೆ. ಒಂದು ಹಸಿರೆಲೆ ಇಲ್ಲ. ನೆಲದ ತುಂಬ ಹಪ್ಪಳದಂಥ ತರಗೆಲೆ, ಒಂದು ಉಡ ಓಡಿದರೂ ಆನೆ ಬಂದಷ್ಟು ಸದ್ದು. ದಾಂಡೇಲಿ ದಾಟಿ ಜೋಯಿಡಾ ಕಡೆ ಹೋದಂತೆ ಬೋಳು ಮರಗಳ ನಡುವೆ ಹಸಿರು ಮರಗಳು ತಲೆ ತೂರಿಸುತ್ತವೆ. ಕುಂಬಾರವಾಡ ದಾಟಿದ ಮೇಲೆ ತೇಗ ಕಾಣೆಯಾಗುತ್ತದೆ. ಅಣಶಿಯಲ್ಲಿ ಹಗಲಲ್ಲೂ ನೆರಳು, ತೇವ, ಬಳ್ಳಿ: ನಿತ್ಯಹರಿದ್ವರ್ಣ ಕಾಡು. ಇಲ್ಲಿಂದ ಉತ್ತರಕ್ಕಿರುವ ಕ್ಯಾಸಲ್‌ರಾಕ್‌ನಲ್ಲಿ ವರ್ಷದ ಮಳೆ 5,000 ಮಿ.ಮೀ. ಮೀರುತ್ತದೆ.

ಒಂದೇ ಹಗಲಿನ ಪ್ರಯಾಣದಲ್ಲಿ ತೇಗ ಬಂದೂ ಹೋಯಿತು. ಪೂರ್ವದಲ್ಲಿ ಅದನ್ನು ತಡೆದದ್ದು ಮಳೆಯ ಕೊರತೆ. ಪಶ್ಚಿಮದಲ್ಲಿ ತಡೆದದ್ದು ಮಳೆಯ ಹೆಚ್ಚಳ. ಸರಿಯಾಗಿ ಹೇಳಬೇಕೆಂದರೆ, ಪಶ್ಚಿಮದಲ್ಲಿ ತಡೆದದ್ದು ನೆರಳು. ಸದಾ ಹಸಿರಾಗಿರುವ ಮರಗಳ ಕೆಳಗೆ ತೇಗದ ಸಸಿ ಬದುಕುವುದಿಲ್ಲ, ಅದಕ್ಕೆ ನೆತ್ತಿಯ ಮೇಲೆ ಬಿಸಿಲು ಬೇಕೇ ಬೇಕು. ಸಾಮಾನ್ಯವಾಗಿ 1,200ರಿಂದ 2,500 ಮಿ.ಮೀ. ಮಳೆ, ಅದೂ ವರ್ಷವಿಡೀ ಹಂಚಿ ಬೀಳದೆ ಆರೇಳು ತಿಂಗಳಲ್ಲಿ ಸುರಿದು ಮುಗಿದು, ಮೂರರಿಂದ ಐದು ತಿಂಗಳು ಕಡ್ಡಾಯವಾಗಿ ಒಣಗಬೇಕು. ನೀರು ನಿಲ್ಲದ, ಸುಣ್ಣದಂಶವಿರುವ ಆಳವಾದ ಮಣ್ಣಿರಬೇಕು. ಜಂಬಿಟ್ಟಿಗೆ ಕಲ್ಲಿನ ನೆಲ ಇದಕ್ಕೆ ಒಗ್ಗದು, ಗದ್ದೆಯಂಥ ಜೌಗು ಅಂತೂ ಆಗಲೇ ಆಗದು. ಸಸ್ಯಶಾಸ್ತ್ರದವರು ಇಂಥ ಕಾಡಿಗೆ ಎಲೆಯುದುರುವ ಕಾಡು ಎನ್ನುತ್ತಾರೆ, ಮಳೆ ಹೆಚ್ಚಿರುವೆಡೆ ಆರ್ದ್ರ, ಕಡಿಮೆ ಇರುವೆಡೆ ಶುಷ್ಕ ಎಂದು ಎರಡು ಭಾಗ ಮಾಡುತ್ತಾರೆ. ತೇಗ ಎರಡರಲ್ಲೂ ಇದೆ. ಭಾರಿ ಮರಗಳು ಸಿಗುವುದು ಮಾತ್ರ ಆರ್ದ್ರದಲ್ಲಿ.

ಕರ್ನಾಟಕದಲ್ಲಿ ಈ ಲೆಕ್ಕ ಸರಿಹೊಂದುವುದು ಘಟ್ಟದ ಪೂರ್ವದ ಮಗ್ಗುಲಿನ ಒಂದು ಪಟ್ಟಿಯಲ್ಲಿ. ಖಾನಾಪುರ, ಹಳಿಯಾಳ-ದಾಂಡೇಲಿ, ಯಲ್ಲಾಪುರದ ಪೂರ್ವಭಾಗ, ಭದ್ರಾ ಕಣಿವೆಯ ಲಕ್ಕವಳ್ಳಿ, ಉಂಬ್ಳೇಬೈಲು, ಆಮೇಲೆ ನಾಗರಹೊಳೆ, ಕಾಕನಕೋಟೆ, ಬಂಡೀಪುರ. ದೇಶದ ನಕ್ಷೆಯಲ್ಲಿ ನೋಡಿದರೆ ತಿರುನೆಲ್ವೇಲಿಯಿಂದ ರಾಜಸ್ಥಾನದ ಅರಾವಳಿಯವರೆಗೆ ತೇಗ ಇದೆ. ಮಧ್ಯಪ್ರದೇಶದ ಪೂರ್ವಕ್ಕೆ ಹೋದಂತೆ ಸಾಲವೃಕ್ಷ ಅದರ ಜಾಗ ಹಿಡಿಯುತ್ತದೆ. ಭಾರತದ ಆಚೆಗೆ ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್. ಇಡೀ ಜಗತ್ತಿನಲ್ಲಿ ತೇಗ ತಾನಾಗಿ ಹುಟ್ಟುವ ದೇಶಗಳು ಈ ನಾಲ್ಕೇ. ಜಾವಾದಲ್ಲೂ ಶತಮಾನಗಳಿಂದ ತೇಗವಿದೆ, ಅದು ಮನುಷ್ಯರು ಒಯ್ದು ಬೆಳೆಸಿದ್ದು ಎಂಬುದು ಹೆಚ್ಚಿನವರ ಅಭಿಪ್ರಾಯ.

ಬೇಸಿಗೆ ಮಾಡುವ ಕೆಲಸ

ಎಲೆ ಅಷ್ಟು ದೊಡ್ಡದಾದರೆ ಅದರಿಂದ ಆವಿಯಾಗುವ ನೀರೂ ಹೆಚ್ಚು. ನೆಲದಲ್ಲಿ ನೀರಿಲ್ಲದ ತಿಂಗಳುಗಳಲ್ಲಿ ಅಂಥ ಎಲೆ ಇಟ್ಟುಕೊಳ್ಳುವುದು ಮನೆಯಲ್ಲಿ ಕಾಸಿಲ್ಲದಾಗ ಆಳುಕಾಳು ಇಟ್ಟುಕೊಂಡಂತೆ. ತೇಗ ಎಲ್ಲರನ್ನೂ ಮನೆಗೆ ಕಳಿಸಿಬಿಡುತ್ತದೆ. ಎಲೆ ಉದುರಿದ ಮೇಲೆ ಮರ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಏಪ್ರಿಲ್-ಮೇ ಹೊತ್ತಿಗೆ, ಅಡ್ಡಮಳೆ ಬಿದ್ದೊಡನೆ ಚಿಗುರು. ಹೊಸ ಎಲೆಗಳಿಗೆ ತಕ್ಷಣ ನೀರು ಮುಟ್ಟಿಸಬೇಕಾದ್ದರಿಂದ ಆಗ ಕಟ್ಟುವ ಕಟ್ಟಿಗೆಯಲ್ಲಿ ದೊಡ್ಡ ದೊಡ್ಡ ಕೊಳವೆಗಳಿರುತ್ತವೆ. ಮಳೆಗಾಲ ಮುಂದುವರಿದಂತೆ ಕೊಳವೆಗಳು ಸಣ್ಣವಾಗುತ್ತವೆ, ಕಟ್ಟಿಗೆ ಒತ್ತಾಗುತ್ತದೆ. ಆಮೇಲೆ ಮತ್ತೆ ಬೇಸಿಗೆ, ಮತ್ತೆ ನಿಲುಗಡೆ.

ದಿಮ್ಮಿಯ ತುದಿಯಲ್ಲಿ ಆಚಾರ್ರು ಉಜ್ಜಿ ತೋರಿಸಿದ್ದು ಇದನ್ನೇ. ಹತ್ತಿರದಿಂದ ನೋಡಿದರೆ ಪ್ರತಿ ಉಂಗುರದ ಆರಂಭದಲ್ಲಿ ಸೂಜಿಯಿಂದ ಚುಚ್ಚಿದಂಥ ತೂತುಗಳ ಸಾಲು ಬರಿಗಣ್ಣಿಗೇ ಕಾಣುತ್ತದೆ. ಒಂದು ಸಾಲು ಎಂದರೆ ಮರ ದಾಟಿ ಬಂದ ಒಂದು ಬೇಸಿಗೆ. ನಿತ್ಯಹರಿದ್ವರ್ಣ ಕಾಡಿನ ಅನೇಕ ಮರಗಳಲ್ಲಿ ಇಂಥ ಸ್ಪಷ್ಟ ಉಂಗುರವೇ ಇರುವುದಿಲ್ಲ, ಅವುಗಳಿಗೆ ನಿಲ್ಲುವ ಕಾಲವೇ ಬರುವುದಿಲ್ಲವಲ್ಲ. ತೇಗದ ಹಲಗೆಗೆ ಉಜ್ಜುಗೊರಡು ಹಾಕಿದಾಗ ಏಳುವ ಚಂದದ ಗೆರೆಗಳು ಈ ಉಂಗುರಗಳ ಉದ್ದಸೀಳು.

ಹವಾಮಾನ ಶಾಸ್ತ್ರಜ್ಞರಿಗೆ ಇದು ಸಿಕ್ಕಿದ್ದು ಒಂದು ಬರೆದಿಟ್ಟ ದಫ್ತರದಂತೆ. ಮಳೆ ಕೈಕೊಟ್ಟ ವರ್ಷ ಉಂಗುರ ತೆಳು, ಚೆನ್ನಾಗಿ ಬಂದ ವರ್ಷ ದಪ್ಪ. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯವರು ಕೇರಳದ ತೇಗಗಳ ಉಂಗುರಗಳನ್ನು ಒಂದಕ್ಕೊಂದು ತಾಳೆ ಹಾಕಿ 1481ರಿಂದ 2003ರವರೆಗೆ 523 ವರ್ಷಗಳ ಸರಣಿಯನ್ನೇ ಕಟ್ಟಿದರು. ವಿಜಯನಗರದ ಕಾಲದ ಮುಂಗಾರು ಯಾವ ವರ್ಷ ಸೋತಿತ್ತು ಎಂಬುದರ ಸುಳಿವು ಒಂದು ಮರದ ಹೊಟ್ಟೆಯಲ್ಲಿದೆ ಎಂದಾಯಿತು. ಅಷ್ಟು ಹಳೆಯ ಮರಗಳು ಈಗ ಬೆರಳೆಣಿಕೆ. ಕೇರಳದ ಪರಂಬಿಕುಳಂನಲ್ಲಿ ಕನ್ನಿಮಾರ ತೇಗ ಎಂಬ ಒಂದು ಮರವಿದೆ. ಸುತ್ತಳತೆ ಆರೂವರೆ ಮೀಟರಿಗೂ ಹೆಚ್ಚು, ನಾಲ್ಕೈದು ಜನ ಕೈಕೈ ಹಿಡಿದರೆ ತಬ್ಬಬಹುದು.

ಈಗ ಗೆದ್ದಲಿನ ಮಾತು. ತೇಗಕ್ಕೆ ಗೆದ್ದಲು ಹಿಡಿಯುವುದಿಲ್ಲ ಎಂಬುದು ಅರ್ಧ ಸತ್ಯ. ಹೊರಗಿನ ಬಿಳಿ ಭಾಗವನ್ನು ಗೆದ್ದಲು ಸಲೀಸಾಗಿ ತಿನ್ನುತ್ತದೆ. ತಿನ್ನದಿರುವುದು ಒಳಗಿನ ಹೊಂಬಣ್ಣದ ಚೇಗನ್ನು. ಮರ ಬೆಳೆದಂತೆ ಒಳಗಿನ ಹಳೆಯ ಕೊಳವೆಗಳು ನೀರು ಸಾಗಿಸುವ ಕೆಲಸದಿಂದ ನಿವೃತ್ತಿಯಾಗುತ್ತವೆ. ನಿವೃತ್ತಿಗೆ ಮುನ್ನ ಮರ ಅವುಗಳಲ್ಲಿ ಟೆಕ್ಟೋಕ್ವಿನೋನ್‌ನಂಥ ರಾಸಾಯನಿಕಗಳನ್ನೂ ಒಂದಿಷ್ಟು ರಬ್ಬರಿನಂಥ ಅಂಶವನ್ನೂ ತುಂಬುತ್ತದೆ. ಮೊದಲನೆಯದು ಗೆದ್ದಲಿಗೆ, ಶಿಲೀಂಧ್ರಕ್ಕೆ ವಿಷ. ಎರಡನೆಯದು ನೀರನ್ನು ದೂರ ಇಡುತ್ತದೆ. ಹಾಗಾಗಿಯೇ ತೇಗದ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಹಠ ಹಿಡಿಯುವುದಿಲ್ಲ. ಕೈಗೆ ಜಿಡ್ಡು ಜಿಡ್ಡಾಗಿ ಹತ್ತುವ, ಹಳೇ ಚರ್ಮದಂಥ ಆ ವಾಸನೆ ಚೇಗಿನದೇ. ಮಣ್ಣಿನಿಂದ ಹೀರಿದ ಸಿಲಿಕಾ ಕೂಡ ಕಟ್ಟಿಗೆಯಲ್ಲಿ ಸೇರಿರುತ್ತದೆ. ಸಾ ಮಿಲ್‌ನವರು ತೇಗ ಕೊಯ್ಯುವ ದಿನ ಗರಗಸ ಬೇಗ ಮೊಂಡಾಯಿತೆಂದು ಗೊಣಗುವುದು ಅದಕ್ಕೆ.

ಹೀಗೆ ಚೇಗು ಕಟ್ಟುವುದು ಕಾಲದ ಕೆಲಸ. ಮೊದಲ ಕೆಲವು ವರ್ಷ ಮರದಲ್ಲಿ ಚೇಗೇ ಇರುವುದಿಲ್ಲ, ಆಮೇಲೆ ವರ್ಷ ವರ್ಷ ಹೆಚ್ಚುತ್ತದೆ. ಅಂಗಡಿಯ ಮೂರು ದರಗಳ ಗುಟ್ಟು ಬಹುಪಾಲು ಇಲ್ಲಿದೆ. ಬೇಗ ದಪ್ಪವಾದ ತೇಗ ಮೆದು ಎಂಬ ಮಾತು ಅಷ್ಟು ನಿಜವಲ್ಲ. ಕೇರಳದ ಅರಣ್ಯ ಸಂಶೋಧನಾ ಸಂಸ್ಥೆಯವರ ಪರೀಕ್ಷೆಗಳಲ್ಲಿ ಇಪ್ಪತ್ತು ವರ್ಷ ದಾಟಿದ ನೆಡುತೋಪಿನ ತೇಗ ಬಲದಲ್ಲಿ ಅಷ್ಟೇನೂ ಹಿಂದೆ ಬಿದ್ದಿರಲಿಲ್ಲ. ಹಿಂದೆ ಬೀಳುವುದು ಚೇಗಿನ ಪ್ರಮಾಣದಲ್ಲಿ, ಬಣ್ಣದಲ್ಲಿ, ಗಂಟಿಲ್ಲದ ಉದ್ದದಲ್ಲಿ. ಕೊಳ್ಳುವವರು ಊರು ಕೇಳುವುದಕ್ಕಿಂತ ತುದಿಯಲ್ಲಿ ಬಿಳಿ ಎಷ್ಟಿದೆ ಎಂದು ನೋಡುವುದು ಲೇಸು.

1990ರ ದಶಕದಲ್ಲಿ ನಮ್ಮ ಸೋದರಮಾವ ಇದನ್ನು ನೋಡದೆ ಕೆಟ್ಟರು. ಒಂದು ಕಂಪನಿ ‘ತೇಗದ ಯೂನಿಟ್’ ಮಾರುತ್ತಿತ್ತು. ಇಂದು ಸಾವಿರ ಕೊಡಿ, ಇಪ್ಪತ್ತು ವರ್ಷಕ್ಕೆ ಲಕ್ಷಗಳಲ್ಲಿ ತಗೊಳ್ಳಿ ಎಂದು. ಮಾವ ಮಗಳ ಮದುವೆಗಿರಲಿ ಎಂದು ಎರಡು ಯೂನಿಟ್ ಕೊಂಡರು. ಬಣ್ಣದ ಸರ್ಟಿಫಿಕೇಟಿನ ಮೇಲೆ ಮರದ ಚಿತ್ರವಿತ್ತು, ನಾವು ಕಂಡ ತೇಗ ಅದೊಂದೇ. ದೇಶದ ತುಂಬ ಹೀಗೆ ಹುಟ್ಟಿಕೊಂಡ ಯೋಜನೆಗಳಿಗೆ ಕಡಿವಾಣ ಹಾಕಲು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 1999ರಲ್ಲಿ ಪ್ರತ್ಯೇಕ ನಿಯಮಗಳನ್ನೇ ತರಬೇಕಾಯಿತು. ಒಂದು ಕಡೆ ಮೋಸವಿತ್ತು, ಸರಿ. ಇನ್ನೊಂದು ಕಡೆ ಲೆಕ್ಕವೇ ತಪ್ಪಿತ್ತು. ನೀರು ಗೊಬ್ಬರ ಹಾಕಿ ಇಪ್ಪತ್ತು ವರ್ಷ ಸಾಕಿದ ಮರಕ್ಕೆ ನೂರು ವರ್ಷದ ಕಾಡುತೇಗದ ದರ ಹಾಕಿ ಗುಣಿಸಿದ್ದರು.

ತೇಗ ಒಂಟಿಯಾಗಿ ಬದುಕಿದ್ದೇ ಇಲ್ಲ

ತೇಗದ ಕಾಡು ಎಂದೊಡನೆ ಸಾಲಾಗಿ ನಿಂತ ಒಂದೇ ಎತ್ತರದ ಮರಗಳು ಕಣ್ಣ ಮುಂದೆ ಬಂದರೆ ಅದು ಕಾಡಲ್ಲ, ನೆಡುತೋಪು. ಸಹಜ ಕಾಡಿನಲ್ಲಿ ತೇಗ ಒಂದು ಪಾಲು ಮಾತ್ರ. ಅದರ ಸುತ್ತ ಮೊಸಳೆ ಚರ್ಮದಂಥ ತೊಗಟೆಯ ಮತ್ತಿ ಇರುತ್ತದೆ. ನುಣುಪು ಮೈಯ ನಂದಿ, ಕತ್ತಿ ತಾಗಿದರೆ ಕೆಂಪು ಅಂಟು ಸುರಿಸುವ ಹೊನ್ನೆ, ಬೀಟೆ, ದಿಂಡಿಲು, ಜಂಬೆ ಇರುತ್ತವೆ. ಹಳ್ಳದ ಅಂಚಿಗೆ ಹೊಳೆಮತ್ತಿ. ಕೆಳಗೆಲ್ಲ ಬಿದಿರು. ಇವು ಬೇರೆ ಬೇರೆ ಆಳದಲ್ಲಿ ಬೇರು ಬಿಟ್ಟು, ಬೇರೆ ಬೇರೆ ಹೊತ್ತಿಗೆ ಚಿಗುರಿ, ಬೇರೆ ಬೇರೆ ಪ್ರಾಣಿಗಳಿಗೆ ಅನ್ನ ಹಾಕುತ್ತವೆ. ತೇಗ ಒಂದನ್ನೇ ನಂಬಿದರೆ ಕಾಡಿನ ಅರ್ಧ ಜೀವಿಗಳು ಉಪವಾಸ. ಅದರ ಒಣ ಕಾಯಿ ಮಂಗಟ್ಟೆಗೆ ಬೇಡ, ಒರಟು ಎಲೆ ಜಿಂಕೆಗೆ ಬೇಡ. ಆನೆ ಮಾತ್ರ ಬೇಸಿಗೆಯಲ್ಲಿ ತೊಗಟೆ ಸುಲಿದು ತಿನ್ನುತ್ತದೆ. ನಾಗರಹೊಳೆಯಲ್ಲಿ ಸೊಂಡಿಲೆತ್ತರಕ್ಕೆ ಸುಲಿದ ತೇಗಗಳು ರಸ್ತೆ ಬದಿಯಲ್ಲೇ ಕಾಣುತ್ತವೆ.

ಸಾಲು ತೋಪುಗಳು ಬಂದದ್ದು ಹಡಗುಗಳಿಂದ. ಯುರೋಪಿನ ಓಕ್ ಮರದಲ್ಲಿ ಆಮ್ಲವಿದೆ, ಹೊಡೆದ ಕಬ್ಬಿಣದ ಮೊಳೆಯನ್ನು ಅದು ತಿನ್ನುತ್ತದೆ. ತೇಗ ಹಾಗೆ ಮಾಡುವುದಿಲ್ಲ. ನೀರಲ್ಲಿ ಕೊಳೆಯುವುದಿಲ್ಲ, ಬಿಸಿಲಿಗೆ ಬಿರಿಯುವುದಿಲ್ಲ. ಇದನ್ನು ಬ್ರಿಟಿಷರು ಕಂಡುಹಿಡಿಯಬೇಕಿರಲಿಲ್ಲ. ಈಜಿಪ್ಟಿನ ಕೆಂಪು ಸಮುದ್ರದ ದಡದ ಬೆರೆನಿಕೆ ಎಂಬ ರೋಮನ್ ಕಾಲದ ಬಂದರನ್ನು ಅಗೆದಾಗ, ಭಾರತದ ತೇಗದ ಹಡಗುಹಲಗೆಗಳನ್ನು ಕಟ್ಟಡಗಳಿಗೆ ಮರುಬಳಕೆ ಮಾಡಿದ್ದು ಸಿಕ್ಕಿತು. ಹದಿನೆಂಟನೇ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಓಕ್ ಅಭಾವವಾದಾಗ ನೌಕಾಪಡೆಯ ಕಣ್ಣು ನಮ್ಮ ಘಟ್ಟದ ಮೇಲೆ ಬಿತ್ತು. ಮುಂಬೈಯ ಹಡಗುಕಟ್ಟೆಯಲ್ಲಿ ವಾಡಿಯಾ ಮನೆತನದ ಪಾರ್ಸಿ ಬಡಗಿಗಳು ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೊಮಲಿ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ದಾಂಡೇಲಿಯ ದಿಮ್ಮಿಗಳೂ ಕಾಳಿ ನದಿಯಲ್ಲಿ ತೇಲಿ ಸಮುದ್ರ ಸೇರುತ್ತಿದ್ದವು.

ಹಡಗಿಗೆ ಬೇಕಾದದ್ದು ಕಾಡಿನ ಅತಿ ದೊಡ್ಡ ಮರಗಳು, ಅವು ಬೇಗ ಮುಗಿದವು. 1806ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಮಲಬಾರಿನ ಅರಣ್ಯ ಸಂರಕ್ಷಕನಾಗಿ ನೇಮಿಸಿತು. ಸಂರಕ್ಷಣೆ ಎಂದರೆ ಇಲ್ಲಿ ತೇಗವೆಲ್ಲ ಕಂಪನಿಗೇ ಸಿಗುವಂತೆ ನೋಡಿಕೊಳ್ಳುವುದು. ಜನರ ವಿರೋಧ ಎಷ್ಟಿತ್ತೆಂದರೆ 1823ರಲ್ಲಿ ಆ ಹುದ್ದೆಯನ್ನೇ ತೆಗೆದುಹಾಕಿದರು. ಮುಂದೆ 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕಾನೊಲಿ, ಕಡಿಯುವ ಬದಲು ನೆಡೋಣ ಎಂದು ನಿಲಂಬೂರಿನಲ್ಲಿ ಶುರುಮಾಡಿದ. ಕೆಲಸ ಮಾಡಿ ತೋರಿಸಿದ್ದು ಚಾತು ಮೇನನ್ ಎಂಬ ಸ್ಥಳೀಯ ಅಧಿಕಾರಿ. ಚಾಲಿಯಾರ್ ನದಿಯ ದಡದಲ್ಲಿ ಆಗ ನೆಟ್ಟ ಮರಗಳಲ್ಲಿ ಕೆಲವು ಇನ್ನೂ ನಿಂತಿವೆ. ಜಗತ್ತಿನ ಮೊದಲ ತೇಗದ ನೆಡುತೋಪು ಎಂದು ಅದಕ್ಕೆ ಹೆಸರು.

ಅವರು ಮೊದಮೊದಲು ಸೋತದ್ದು ಬೀಜದ ಎದುರು. ಬಿತ್ತಿದರೆ ಮೊಳೆಯುತ್ತಲೇ ಇರಲಿಲ್ಲ. ತೇಗದ ಕಾಯಿ ಕಡಲೆಕಾಳಿಗಿಂತ ದೊಡ್ಡದು, ಮೇಲೆ ಕಂಬಳಿಯಂಥ ಪೊರೆ, ಒಳಗೆ ಕಲ್ಲಿನಂಥ ಕರಟ, ಕರಟದೊಳಗೆ ನಾಲ್ಕು ಕೋಣೆ. ಎಲ್ಲ ಕೋಣೆಯಲ್ಲೂ ಬೀಜ ಇರುತ್ತದೆಂದೂ ಇಲ್ಲ. ಇಂದಿನ ನರ್ಸರಿಗಳಲ್ಲಿ ಮಾಡುವ ಉಪಾಯ ನೋಡಿ: ಕಾಯಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ರಾತ್ರಿ ನೀರಲ್ಲಿ ನೆನೆಹಾಕುವುದು, ಹಗಲು ಬಿಸಿಲಲ್ಲಿ ಹರವುವುದು. ಒಂದೆರಡು ವಾರ ಹೀಗೇ. ನೆನೆ, ಒಣಗು, ನೆನೆ, ಒಣಗು. ಕಾಡಿನಲ್ಲಿ ಮಳೆ-ಬೇಸಿಗೆ ಒಂದೆರಡು ವರ್ಷದಲ್ಲಿ ಮಾಡುವುದನ್ನು ಹದಿನೈದು ದಿನದಲ್ಲಿ ಮಾಡಿಸಿ ಮರಕ್ಕೆ ಮೋಸ ಮಾಡುವ ದಾರಿ ಇದು.

ನಮ್ಮ ಕೊಡಗು-ಮೈಸೂರು ಗಡಿಯ ಕಾಡಿನಲ್ಲಿ ನೆಡುತೋಪು ಎಬ್ಬಿಸಿದ್ದು ಕುಮರಿ ಪದ್ಧತಿಯಿಂದ. ಕಾಡು ಕಡಿದು ಸುಟ್ಟ ಜಾಗದಲ್ಲಿ ಜೇನುಕುರುಬ, ಬೆಟ್ಟಕುರುಬ ಸಮುದಾಯದವರಿಗೆ ಎರಡು ಮೂರು ವರ್ಷ ರಾಗಿ ಬೆಳೆದುಕೊಳ್ಳಲು ಬಿಟ್ಟು, ಸಾಲಿನ ನಡುವೆ ತೇಗ ನೆಡಿಸುತ್ತಿದ್ದರು. ತೇಗ ತಲೆಯೆತ್ತಿದ ಮೇಲೆ ಅವರು ಮುಂದಿನ ಜಾಗಕ್ಕೆ. ಬರ್ಮಾದಲ್ಲಿ ಇದೇ ಪದ್ಧತಿಗೆ ‘ಟೌಂಗ್ಯಾ’ ಎನ್ನುತ್ತಾರೆ, ಜರ್ಮನ್ ಅರಣ್ಯಶಾಸ್ತ್ರಜ್ಞ ಬ್ರಾಂಡಿಸ್ ಅಲ್ಲಿ ಅದನ್ನು ಬೆಳೆಸಿದ. ಮುಂದೆ ನಮ್ಮ ಕಡೆಯ ಆ ಕಾಡು ರಾಷ್ಟ್ರೀಯ ಉದ್ಯಾನವಾದಾಗ, ತೇಗ ನೆಟ್ಟವರ ಮೊಮ್ಮಕ್ಕಳಲ್ಲಿ ಎಷ್ಟೋ ಜನ ಕಾಡೊಳಗಿನ ತಮ್ಮ ಊರಾದ ಹಾಡಿ ಬಿಟ್ಟು ಹೊರಬರಬೇಕಾಯಿತು. ಮರಗಳು ಅಲ್ಲೇ ಉಳಿದವು.

ಸಾಲಾಗಿ ನೆಟ್ಟರೆ ಏನಾಗುತ್ತದೆ ಎಂಬುದು ಮಳೆಗಾಲ ಶುರುವಾಗುವಾಗ ಗೊತ್ತಾಗುತ್ತದೆ. ಚಿಗುರು ಬಂದ ಕೆಲ ದಿನಗಳಲ್ಲೇ ಹಿಬ್ಲಿಯಾ ಎಂಬ ಪತಂಗದ ಮರಿಹುಳುಗಳು ಲಕ್ಷಗಟ್ಟಲೆ ಏಳುತ್ತವೆ. ತೋಪಿನಲ್ಲಿ ನಿಂತರೆ ಹನಿ ಮಳೆಯಂಥ ಸದ್ದು, ಕತ್ತೆತ್ತಿದರೆ ಮೋಡವಿಲ್ಲ: ಒಣ ತರಗೆಲೆಯ ಮೇಲೆ ಉದುರುತ್ತಿರುವುದು ಹುಳುಗಳ ಹಿಕ್ಕೆ. ವಾರದೊಳಗೆ ಎಲೆ ಮಾಯ. ಮರ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ, ಆದರೆ ಆ ವರ್ಷದ ಬೆಳವಣಿಗೆ ಕೈತಪ್ಪುತ್ತದೆ. ನಿಲಂಬೂರಿನ ಎಳೆಯ ತೋಪುಗಳಲ್ಲಿ ಮಾಡಿದ ಲೆಕ್ಕದ ಪ್ರಕಾರ ಕಟ್ಟಬೇಕಿದ್ದ ಕಟ್ಟಿಗೆಯಲ್ಲಿ ಶೇ. 44ರಷ್ಟು ಹೀಗೆ ಹುಳುವಿನ ಪಾಲು. ಮಿಶ್ರ ಕಾಡಿನಲ್ಲಾದರೆ ತೇಗದಿಂದ ತೇಗಕ್ಕೆ ದೂರವಿರುತ್ತದೆ, ನಡುವೆ ಹುಳು ತಿನ್ನುವ ಹಕ್ಕಿ, ಕಣಜಗಳಿಗೆ ನೆಲೆಯಿರುತ್ತದೆ.

ಇನ್ನೊಂದು ಹಾನಿ ನೆಲಕ್ಕೆ. ತೇಗದೆಲೆ ಅಗಲವಾದ್ದರಿಂದ ಸಣ್ಣ ಹನಿಗಳು ಅದರ ಮೇಲೆ ಸೇರಿ ಗೋಲಿಗಾತ್ರವಾಗಿ ಕೆಳಗೆ ಬೀಳುತ್ತವೆ. ಕೆಳಗೆ ಬಿದಿರು, ಪೊದೆ ಇದ್ದರೆ ಅದನ್ನು ತಡೆಯುತ್ತವೆ. ತರಗೆಲೆ ಸುಟ್ಟುಹೋದ ಬೋಳು ತೋಪಿನಲ್ಲಿ ಪ್ರತಿ ಹನಿಯೂ ಮಣ್ಣನ್ನು ಗುದ್ದಿ ಎಬ್ಬಿಸುತ್ತದೆ. ಮಳೆ ಜೋರಾದ ದಿನ ಇಳಿಜಾರಿನ ತೋಪುಗಳಿಂದ ಬರುವ ಹಳ್ಳದ ಬಣ್ಣ ನೋಡಿದರೆ ತಿಳಿಯುತ್ತದೆ. ಉತ್ತರ ಕನ್ನಡದಲ್ಲಿ ಒಂದು ಕಾಲಕ್ಕೆ ತೇಗ ತಾನಾಗಿ ಬಾರದ ತೇವದ ಕಾಡುಗಳನ್ನೂ ಬೋಳಿಸಿ ತೇಗ ಹಾಕಿದರು. ಬೇಸಿಗೆ ಸಾಲದ ಆ ಜಾಗಗಳಲ್ಲಿ ಮರ ಉದ್ಧಾರವಾಗಲಿಲ್ಲ, ಇದ್ದ ಕಾಡೂ ಹೋಯಿತು. ನನ್ನ ಮಟ್ಟಿಗೆ ಅದು ತೇಗದ ತಪ್ಪಲ್ಲ, ತೇಗ ಎಲ್ಲಿಯದು ಎಂದು ಕೇಳದೆ ನೆಟ್ಟವರ ತಪ್ಪು.

ಈಗ ತೇಗ ಎಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿದೆ. ನಮ್ಮ ಮರದಂಗಡಿಗಳಿಗೆ ಆಫ್ರಿಕಾ, ಲ್ಯಾಟಿನ್ ಅಮೆರಿಕಗಳಿಂದ ಕಂಟೇನರ್ ಕಂಟೇನರ್ ಬರುತ್ತದೆ. ಹೀಗಿರುವಾಗಲೇ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2022ರಲ್ಲಿ ತೇಗವನ್ನು ಕೆಂಪು ಪಟ್ಟಿಯಲ್ಲಿ ‘ಅಪಾಯದಲ್ಲಿರುವ’ ಜಾತಿ ಎಂದು ಗುರುತಿಸಿತು. ಓದಿದವರಿಗೆ ನಗು ಬರಬಹುದು, ನಮ್ಮ ಬೀದಿಯಲ್ಲೇ ಹತ್ತು ತೇಗ ಇವೆಯಲ್ಲ ಎಂದು. ಆದರೆ ಪಟ್ಟಿ ಎಣಿಸುವುದು ನೆಟ್ಟ ಮರಗಳನ್ನಲ್ಲ, ತಾನಾಗಿ ಹುಟ್ಟಿದವನ್ನು. 2010ರ ಸುಮಾರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಲೆಕ್ಕ ಹಾಕಿದಾಗ ನಾಲ್ಕೂ ದೇಶಗಳಲ್ಲಿ ಸೇರಿ ಸಹಜ ತೇಗದ ಕಾಡು ಸುಮಾರು 2.9 ಕೋಟಿ ಹೆಕ್ಟೇರ್ ಇತ್ತು, ಅದರಲ್ಲಿ ಅರ್ಧದಷ್ಟು ಮ್ಯಾನ್ಮಾರ್‌ನಲ್ಲಿ. ಲಾವೋಸ್‌ನಲ್ಲಿ ಉಳಿದಿದ್ದುದು ಸುಮಾರು 1,500 ಹೆಕ್ಟೇರ್ ಮಾತ್ರ. ಥಾಯ್ಲೆಂಡ್ 1989ರಲ್ಲಿ ಸಹಜ ಕಾಡಿನ ಕಡಿತವನ್ನೇ ನಿಲ್ಲಿಸಿತು. ಮ್ಯಾನ್ಮಾರ್ 2014ರಲ್ಲಿ ದಿಮ್ಮಿಗಳ ರಫ್ತು ನಿಲ್ಲಿಸಿತು. ಕಾಡು ಎಂದು ನಕ್ಷೆಯಲ್ಲಿರುವ ಕಡೆಯೂ ದೊಡ್ಡ ಮರಗಳು ಹೋಗಿ ತೆಳ್ಳನೆಯವು ಉಳಿದಿವೆ. ತಲೆಮಾರುಗಳಿಂದ ನೆಟ್ಟಗಿನ, ದಪ್ಪಗಿನ ಮರಗಳನ್ನೇ ಆರಿಸಿ ಕಡಿದರೆ ಬೀಜ ಹಾಕಲು ಉಳಿಯುವುದು ಸೊಟ್ಟವು. ನೆಡುತೋಪಿನ ತಳಿಗಳಿಗೆ ನಾಳೆ ಹೊಸ ರೋಗ ಬಂದರೆ, ಹೊಸ ಬರ ಬಂದರೆ, ತಡೆಯುವ ಗುಣವನ್ನು ಹುಡುಕಿಕೊಂಡು ಬರಬೇಕಾದದ್ದು ಈ ಸಹಜ ಕಾಡಿಗೇ.

ಹೋದ ಮೇ ತಿಂಗಳಲ್ಲಿ ಹಳಿಯಾಳದ ಆಚೆ ಬಸ್ಸು ಕೆಟ್ಟು ನಿಂತಾಗ ಕೆಳಗಿಳಿದು ಕಾಡಿನಂಚಿಗೆ ಹೋಗಿದ್ದೆ. ಬೆಂಕಿ ಹಾದುಹೋದ ನೆಲ ಇನ್ನೂ ಕಪ್ಪಗಿತ್ತು. ಅಡ್ಡಮಳೆ ಒಂದೇ ಬಿದ್ದಿತ್ತು. ಬೂದಿಯ ನಡುವೆ ಅಲ್ಲಲ್ಲಿ ಗೇಣುದ್ದದ ತೇಗದ ಚಿಗುರುಗಳು, ಎರಡೆರಡೇ ಎಲೆ. ಬೀಜದಿಂದ ಈಗಷ್ಟೇ ಹುಟ್ಟಿದ ಸಸಿಯೇನೋ ಎಂದು ಒಂದರ ಬುಡ ಕೆದಕಿ ನೋಡಿದೆ. ಮಣ್ಣೊಳಗೆ ಹೆಬ್ಬೆರಳು ದಪ್ಪದ ಬೇರು, ಅದರ ನೆತ್ತಿಯಲ್ಲಿ ಸುಟ್ಟ ಹಳೆಯ ಮೋಟುಗಳು. ಪ್ರತಿ ಬೇಸಿಗೆ ಮೇಲಿನ ಕಡ್ಡಿ ಸುಡುತ್ತದೆ, ಒಣಗುತ್ತದೆ, ದನ ತುಳಿಯುತ್ತದೆ. ಬೇರು ಮಾತ್ರ ಒಳಗೆ ದಪ್ಪವಾಗುತ್ತ ಹೋಗುತ್ತದೆ. ನರ್ಸರಿಯವರು ಸಸಿಯ ಕಾಂಡ ಕತ್ತರಿಸಿ ಬರೀ ಬೇರುಮೋಟನ್ನು ನೆಡುವ ವಿದ್ಯೆ ಕಲಿತದ್ದು ಇಂಥವನ್ನು ನೋಡಿಯೇ ಇರಬೇಕು. ಮೇಲೆ ಬಿದಿರು ಹೂಬಿಟ್ಟು ಸತ್ತೋ, ಹಳೆ ಮತ್ತಿಯೊಂದು ಗಾಳಿಗೆ ಉರುಳಿಯೋ ಆಕಾಶ ತೆರೆದ ವರ್ಷ ಒಂದೇ ಮಳೆಗಾಲದಲ್ಲಿ ಅದು ಆಳೆತ್ತರಕ್ಕೆ ಚಿಮ್ಮುತ್ತದೆ, ಮುಂದಿನ ಬೆಂಕಿಗೆ ತಲೆ ಸಿಗದಷ್ಟು ಎತ್ತರಕ್ಕೆ. ಮೋಟುಗಳನ್ನು ಎಣಿಸಲು ನೋಡಿದೆ. ನಾಲ್ಕು ಸ್ಪಷ್ಟವಾಗಿದ್ದವು, ಕೆಳಗಿನವು ಒಂದರೊಳಗೊಂದು ಸೇರಿಹೋಗಿದ್ದವು. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಮಣ್ಣು ಮುಚ್ಚಿ ಬಂದೆ.